ಆರ್ ಸರಾಸರಿ 0.42 ಬರ್ತಿದೆ, ಇದು ಅರ್ಧ ಕೇಯಾಸಾ? (ಕ್ವಾಂಟಮ್ ಕೇಯಾಸ್ ಪತ್ತೆ ಹಚ್ಚುವ ಬಗ್ಗೆ)

ಸ್ಪಿನ್‌ಸರಪಳಿ ಕೇಳಿದ್ದು:

ನಮಸ್ಕಾರ. ಅಡ್ಡ ಮತ್ತು ಉದ್ದ ಎರಡೂ ಕ್ಷೇತ್ರಗಳಿರುವ ಐಸಿಂಗ್ ಸರಪಳಿಯ (ಸಾಲಾಗಿ ನಿಂತ ಸ್ಪಿನ್‌ಗಳ ಮಾದರಿ) ಶಕ್ತಿ ಮಟ್ಟಗಳಲ್ಲಿ ಕೇಯಾಸ್ (chaos, ಆರಂಭದ ಸಣ್ಣ ವ್ಯತ್ಯಾಸವೇ ದೊಡ್ಡದಾಗುವ ಗುಣ) ಇದೆಯೇ ಎಂದು ಪರೀಕ್ಷಿಸುತ್ತಿದ್ದೇನೆ. ಸ್ಪಿನ್‌ಗಳು 12, ತುದಿಗಳು ಮುಕ್ತ, ಅಕ್ಕಪಕ್ಕದ ಝಡ್-ಝಡ್ ಜೋಡಣೆ 1, ಎಕ್ಸ್ ದಿಕ್ಕಿನ ಕ್ಷೇತ್ರ −1.05, ಝಡ್ ದಿಕ್ಕಿನ ಕ್ಷೇತ್ರ 0.5. 4096×4096 ಮಾತೃಕೆಯನ್ನು ಪೂರ್ತಿ ಡಯಾಗನಲೈಸ್ ಮಾಡಿ, ಐಗನ್ ಮೌಲ್ಯಗಳನ್ನು (ಅವೇ ಶಕ್ತಿ ಮಟ್ಟಗಳು) ಏರಿಕೆ ಕ್ರಮದಲ್ಲಿಟ್ಟು, ಪಕ್ಕಪಕ್ಕದ ಎರಡು ಅಂತರಗಳಲ್ಲಿ ಚಿಕ್ಕದನ್ನು ದೊಡ್ಡದರಿಂದ ಭಾಗಿಸಿ (ಇದೇ ಆರ್) ಸರಾಸರಿ ತೆಗೆದೆ. ಬಂದದ್ದು 0.42. ಪ್ವಾಸೋನ್ (ಮಟ್ಟಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬೀಳುವುದು, ಕೇಯಾಸ್ ಇಲ್ಲ) ಆಗಿದ್ದರೆ 0.386, ಜಿಒಇ (ರ‍್ಯಾಂಡಮ್ ಸಮಮಿತ ಮಾತೃಕೆಯ ಮಟ್ಟಗಳಂತೆ ಒಂದನ್ನೊಂದು ದೂರ ತಳ್ಳುವುದು, ಕೇಯಾಸ್‌ನ ಗುರುತು) ಆಗಿದ್ದರೆ 0.53 ಬರಬೇಕು. ಇದು ನಡುವೆ ನಿಂತಿದೆ. ಈ ನಿಯತಾಂಕಗಳಲ್ಲಿ ಮಾದರಿ ಗಟ್ಟಿ ಕೇಯಾಸ್ ತೋರಿಸುತ್ತದೆ ಎಂದೇ ಎಲ್ಲ ಕಡೆ ಇರುವುದು. ತಪ್ಪು ಎಲ್ಲಿದೆ?

ಇನ್ನೊಂದು ಸಂಶಯ. ಒಂದಕ್ಕೊಂದು ತೀರ ಹತ್ತಿರದ ಎರಡು ಆರಂಭಿಕ ಸ್ಥಿತಿಗಳನ್ನು ಕಾಲದಲ್ಲಿ ಮುಂದೆ ಓಡಿಸಿದರೆ ಅವುಗಳ ಒಳಗುಣಲಬ್ಧ (ಎರಡು ಸ್ಥಿತಿಗಳು ಎಷ್ಟು ಹೋಲುತ್ತವೆ ಎಂಬ ಅಳತೆ) ಮೊದಲು 0.99 ಇದ್ದದ್ದು ಕೊನೆಯವರೆಗೂ 0.99 ಆಗಿಯೇ ಉಳಿಯುತ್ತದೆ. ಹಾಗಾದರೆ 'ಆರಂಭದ ಸಣ್ಣ ವ್ಯತ್ಯಾಸ ದೊಡ್ಡದಾಗುವುದು' ಎಂಬುದನ್ನು ಇಲ್ಲಿ ಹುಡುಕುವುದು ಹೇಗೆ?

---

ಮಾತೃಕೆಮನೆ:

0.42 ಅಂದರೆ ಅರ್ಧ ಕೇಯಾಸ್ ಅಲ್ಲ. ಎರಡು ಪೂರ್ತಿ ಕೇಯಾಸ್ ಇರುವ ಪಟ್ಟಿಗಳನ್ನು ಒಂದೇ ಪಟ್ಟಿಯಾಗಿ ಕಲೆಸಿದ್ದೀರಿ. ತುದಿ ಮುಕ್ತ ಇರುವ, ಎಲ್ಲ ಕಡೆ ಒಂದೇ ಕ್ಷೇತ್ರ ಇರುವ ಸರಪಳಿಯನ್ನು ಎಡಬಲ ತಿರುಗಿಸಿದರೆ ಅದೇ ಸರಪಳಿ. ಹಾಗಾಗಿ ಪ್ರತಿ ಐಗನ್ ಸ್ಥಿತಿಗೂ ಸಮ ಅಥವಾ ಬೆಸ ಪ್ಯಾರಿಟಿ (ತಿರುಗಿಸಿದಾಗ ಚಿಹ್ನೆ ಹಾಗೇ ಉಳಿಯುವುದು ಅಥವಾ ಬದಲಾಗುವುದು) ಇದೆ. ಸಮ ಗುಂಪಿನ ಮಟ್ಟಕ್ಕೆ ಬೆಸ ಗುಂಪಿನ ಮಟ್ಟದ ಪರಿವೆಯೇ ಇಲ್ಲ, ಅವು ಒಂದನ್ನೊಂದು ವಿಕರ್ಷಿಸುವುದಿಲ್ಲ. ಒಂದೇ ಗಾತ್ರದ ಎರಡು ಸ್ವತಂತ್ರ ಜಿಒಇ ಪಟ್ಟಿಗಳನ್ನು ಬೆರೆಸಿದರೆ ಬರುವ ಸರಾಸರಿ ಸುಮಾರು 0.423. ನಿಮ್ಮ ಸಂಖ್ಯೆ ಅದೇ.

ಮಾಡಬೇಕಾದದ್ದು ಇಷ್ಟು. 12 ಬಿಟ್‌ಗಳ ಪ್ರತಿ ಸಾಲನ್ನೂ ಅದರ ಕನ್ನಡಿ ಪ್ರತಿಬಿಂಬದ ಜೊತೆ ಒಂದು ಗುಂಪಾಗಿಸಿ, ಎರಡರಲ್ಲಿ ಚಿಕ್ಕ ಸಂಖ್ಯೆಯನ್ನು ಪ್ರತಿನಿಧಿಯಾಗಿ ಇಟ್ಟುಕೊಳ್ಳಿ. ತಿರುಗಿಸಿದರೂ ಹಾಗೇ ಇರುವ ಸಾಲುಗಳು 64. ಸಮ ಗುಂಪಿಗೆ (4096+64)/2 = 2080, ಬೆಸ ಗುಂಪಿಗೆ 2016. ಸಮ ಗುಂಪಿನಲ್ಲಿ ಮಾತೃಕೆ ಕಟ್ಟುವಾಗ ಒಂದು ಪ್ರತಿನಿಧಿಯ ಮೇಲೆ ಸ್ಪಿನ್ ತಿರುಗಿಸಿ ಇನ್ನೊಂದು ಗುಂಪು ತಲುಪಿದರೆ, ಕ್ಷೇತ್ರದ ಬೆಲೆಯನ್ನು ಹಾಗೇ ಹಾಕಬೇಡಿ. ಹೊರಟ ಗುಂಪಿನ ಗಾತ್ರವನ್ನು (1 ಅಥವಾ 2) ತಲುಪಿದ ಗುಂಪಿನ ಗಾತ್ರದಿಂದ ಭಾಗಿಸಿ, ಅದರ ವರ್ಗಮೂಲದಿಂದ ಗುಣಿಸಬೇಕು. ಇದನ್ನು ಬಿಟ್ಟರೆ ಮಾತೃಕೆಯ ಮೇಲ್ಭಾಗ ಕೆಳಭಾಗ ತಾಳೆಯಾಗುವುದಿಲ್ಲ. ಕಿರಿಕಿರಿ ಏನೆಂದರೆ, ನಂಪೈ ಮುಂತಾದ ಲೆಕ್ಕದ ಲೈಬ್ರರಿಗಳಲ್ಲಿ ಸಮಮಿತ ಮಾತೃಕೆಗೆಂದೇ ಇರುವ ಫಂಕ್ಷನ್ ತಾನಾಗಿ ಕೆಳಗಿನ ತ್ರಿಕೋನವನ್ನು ಮಾತ್ರ ಓದುತ್ತದೆ. ತಪ್ಪು ಮಾತೃಕೆ ಕೊಟ್ಟರೂ ಸದ್ದಿಲ್ಲದೆ ಉತ್ತರ ಕೊಡುತ್ತದೆ. ಡಯಾಗನಲೈಸ್ ಮಾಡುವ ಮೊದಲು ಮಾತೃಕೆಯಿಂದ ಅದರ ಟ್ರಾನ್ಸ್‌ಪೋಸ್ ಕಳೆದು ಅತಿ ದೊಡ್ಡ ಅಂಶ ಸೊನ್ನೆಯೇ ಎಂದು ನೋಡಿ. ಆಮೇಲೆ ಸಮ, ಬೆಸ ಎರಡರ ಐಗನ್ ಮೌಲ್ಯಗಳನ್ನು ಸೇರಿಸಿ ಕ್ರಮಕ್ಕಿಟ್ಟು, ಈಗಾಗಲೇ ನಿಮ್ಮಲ್ಲಿರುವ 4096 ಮೌಲ್ಯಗಳ ಜೊತೆ ಒಂದೊಂದಾಗಿ ತಾಳೆ ನೋಡಿ. ಹತ್ತು ದಶಮಾಂಶದವರೆಗೆ ಹೊಂದಬೇಕು.

ಸರಾಸರಿ ತೆಗೆಯುವಾಗ ಪಟ್ಟಿಯ ನಡುವಿನ ಅರ್ಧ ಸಾಕು, ಎರಡೂ ತುದಿಯ ಕಾಲು ಕಾಲು ಭಾಗ ಬಿಡಿ. ತುದಿಗಳಲ್ಲಿ ಮಟ್ಟಗಳು ವಿರಳ, ಅಲ್ಲಿನ ಸ್ಥಿತಿಗಳು ರ‍್ಯಾಂಡಮ್ ಮಾತೃಕೆಯ ಹಾಗೆ ನಡೆದುಕೊಳ್ಳುವುದಿಲ್ಲ. ನಡುವಿನ 1040 ಮಟ್ಟಗಳಿಂದ ಬರುವ ಸರಾಸರಿಯ ದೋಷ ಅಂದಾಜು 0.25 ಭಾಗಿಸು 1040ರ ವರ್ಗಮೂಲ, ಅಂದರೆ 0.008. ಹಾಗಾಗಿ 0.52 ಬಂದರೂ 0.54 ಬಂದರೂ ಗಾಬರಿ ಬೇಡ. ನಾಲ್ಕು ದಶಮಾಂಶ ಬರೆದು 'ಜಿಒಇಯಿಂದ ಸ್ವಲ್ಪ ಕಡಿಮೆ' ಎಂದು ವ್ಯಾಖ್ಯಾನ ಮಾಡುವುದು ಮಾತ್ರ ಬೇಡ.

ಮಾದರಿಗೆ ಕೈ ಹಾಕುವ ಮೊದಲು ಕೋಡನ್ನೇ ಪರೀಕ್ಷಿಸುವುದು ಒಳ್ಳೆಯದು. 2000 ಗಾತ್ರದ ಮಾತೃಕೆಗೆ ಗೌಸಿಯನ್ ರ‍್ಯಾಂಡಮ್ ಸಂಖ್ಯೆ ತುಂಬಿ, ಅದನ್ನೂ ಅದರ ಟ್ರಾನ್ಸ್‌ಪೋಸನ್ನೂ ಕೂಡಿಸಿ ಅರ್ಧ ಮಾಡಿ: 0.531ರ ಹತ್ತಿರ ಬರಬೇಕು. ಬರೀ ರ‍್ಯಾಂಡಮ್ ಸಂಖ್ಯೆಗಳನ್ನು ಕ್ರಮಕ್ಕಿಟ್ಟರೆ 0.386. ಅಂಥ ಎರಡು ಮಾತೃಕೆಗಳ ಪಟ್ಟಿ ಬೆರೆಸಿದರೆ 0.423. ಮೂರೂ ಸರಿ ಬಂದರೆ ಕೋಡ್ ಸರಿ.

ಎರಡನೇ ಪ್ರಶ್ನೆ: ಅದು ಬದಲಾಗಲು ಸಾಧ್ಯವೇ ಇಲ್ಲ. ಕಾಲವಿಕಾಸ ಯೂನಿಟರಿ (ಉದ್ದ, ಕೋನ ಬದಲಿಸದ ಕ್ರಿಯೆ), ಒಳಗುಣಲಬ್ಧ ಹಾಗೇ ಉಳಿಯುತ್ತದೆ. ಸ್ಥಿತಿಯನ್ನು ಅಲುಗಿಸುವ ಬದಲು ಹ್ಯಾಮಿಲ್ಟೋನಿಯನ್ನನ್ನು (ಶಕ್ತಿಯ ಮಾತೃಕೆಯನ್ನು) ಅಲುಗಿಸಿದರೆ ಬೇರೆ ಕಥೆ. ಒಂದೇ ಸ್ಥಿತಿಯನ್ನು ಕೊಂಚ ಬೇರೆಯಾದ ಎರಡು ಹ್ಯಾಮಿಲ್ಟೋನಿಯನ್‌ಗಳಲ್ಲಿ ಓಡಿಸಿ ಹೋಲಿಸುವುದು ಲೋಶ್ಮಿಟ್ ಎಕೋ. ಪೆರೆಸ್ 1984ರಲ್ಲಿ ಮುಂದಿಟ್ಟ ಆಲೋಚನೆ ಅದು.

---

ಗುಣಕ_ಗಣಕ:

ಮೇಲಿನದಕ್ಕೆ ಎರಡು ಮಾತು ಸೇರಿಸುತ್ತೇನೆ.

ತುದಿ ಮುಕ್ತ ಇರುವುದರಿಂದ ತಾನೇ ಈ ತಲೆನೋವು ಎಂದು ಸರಪಳಿಯನ್ನು ಉಂಗುರ ಮಾಡಿದರೆ ತಲೆನೋವು ಹೆಚ್ಚುತ್ತದೆ. ಆಗ ಸ್ಥಾನಾಂತರ ಸಮಮಿತಿ ಬರುತ್ತದೆ, 12 ಸಂವೇಗ ಗುಂಪುಗಳು. ಸಂವೇಗ 0 ಮತ್ತು ಪೈ ಇರುವ ಗುಂಪುಗಳಲ್ಲಿ ಕನ್ನಡಿ ಸಮಮಿತಿ ಮತ್ತೆ ಎರಡು ಹೋಳು ಮಾಡುತ್ತದೆ. ಉಳಿದ ಸಂವೇಗಗಳಲ್ಲಿ ಮಾತೃಕೆಯ ಅಂಶಗಳು ಸಂಕೀರ್ಣ ಸಂಖ್ಯೆಗಳು. ಅದನ್ನು ನೋಡಿ 'ಇದು ಜಿಯುಇ (ಸಂಕೀರ್ಣ ರ‍್ಯಾಂಡಮ್ ಮಾತೃಕೆ), 0.60 ಬರಬೇಕು' ಎಂದು ಕಾಯುವವರಿದ್ದಾರೆ. ಬರುವುದಿಲ್ಲ. ಕನ್ನಡಿ ತಿರುಗಿಸುವುದು ಮತ್ತು ಸಂಕೀರ್ಣ ಸಂಯುಗ್ಮ ಎರಡೂ ಸಂವೇಗದ ಚಿಹ್ನೆ ಬದಲಿಸುತ್ತವೆ. ಎರಡನ್ನೂ ಒಟ್ಟಿಗೆ ಮಾಡಿದರೆ ಸಂವೇಗ ಹಾಗೇ ಇರುತ್ತದೆ. ಆ ಜೋಡಿ ಕ್ರಿಯೆ ಇರುವ ತನಕ ಗುಂಪಿನೊಳಗೆ ಜಿಒಇಯೇ.

ಸಮಮಿತಿ ಮುರಿಯಲು ಒಂದು ತುದಿಯ ಸ್ಪಿನ್ ಮೇಲೆ ಪುಟ್ಟ ಕ್ಷೇತ್ರ ಹಾಕುವ ಅಭ್ಯಾಸವೂ ಇದೆ. ನಿಮ್ಮ ಮಾದರಿಗೆ ತೊಂದರೆಯಿಲ್ಲ, ಮೊದಲೇ ಕೇಯಾಸ್ ಇದೆ. ಎಕ್ಸ್‌ಎಕ್ಸ್‌ಝಡ್ ಸರಪಳಿಯಂಥ ಇಂಟಿಗ್ರೇಬಲ್ (ನಿಖರವಾಗಿ ಬಿಡಿಸಬಲ್ಲ, ಕೇಯಾಸ್ ಇಲ್ಲದ) ಮಾದರಿಯಲ್ಲಿ ಹುಷಾರು. ತುದಿಯಲ್ಲಿ ಹಾಕಿದರೆ ಅದು ಇಂಟಿಗ್ರೇಬಲ್ ಆಗಿಯೇ ಉಳಿಯುತ್ತದೆ, ನಡುವೆ ಎಲ್ಲೋ ಒಂದು ಸ್ಪಿನ್ ಮೇಲೆ ಹಾಕಿದರೆ ಆ ಒಂದೇ ಕಲ್ಮಶ ಸಾಕು, ಅಂತರಗಳು ವಿಗ್ನರ್ (ಅಂದರೆ ಜಿಒಇ) ಕಡೆ ವಾಲುತ್ತವೆ. ವಿಚಿತ್ರ ಎಂದರೆ ಆಗಲೂ ಸರಪಳಿಯಲ್ಲಿ ಸ್ಪಿನ್ ಸಾಗಣೆ ಬ್ಯಾಲಿಸ್ಟಿಕ್ (ತಡೆಯಿಲ್ಲದ ನೇರ ಓಟ) ಆಗಿಯೇ ಇರಬಲ್ಲದು. ಆರ್ ಸರಾಸರಿ ನೋಡುವುದು ಪಕ್ಕದ ಮನೆಯನ್ನು ಮಾತ್ರ, ಊರನ್ನಲ್ಲ.

ಊರು ನೋಡಬೇಕೆಂದರೆ ಅನ್‌ಫೋಲ್ಡಿಂಗ್ (ಸರಾಸರಿ ಅಂತರ ಎಲ್ಲ ಕಡೆ 1 ಆಗುವಂತೆ ಮಟ್ಟಗಳನ್ನು ಹಿಗ್ಗಿಸಿ ಕುಗ್ಗಿಸುವುದು) ಬೇಕು. ಆರ್ ಅನುಪಾತವನ್ನು 2007ರಲ್ಲಿ ಒಗನೇಸಿಯನ್ ಮತ್ತು ಹ್ಯೂಸ್ ಬಳಕೆಗೆ ತಂದಾಗಿನಿಂದ ಜನ ಅನ್‌ಫೋಲ್ಡಿಂಗ್ ಮರೆತೇ ಬಿಟ್ಟಿದ್ದಾರೆ, ಏಕೆಂದರೆ ಅನುಪಾತದಲ್ಲಿ ಸ್ಥಳೀಯ ಸಾಂದ್ರತೆ ತಾನಾಗಿ ರದ್ದಾಗುತ್ತದೆ. ಆದರೆ ಸಂಖ್ಯಾ ವೇರಿಯನ್ಸ್, ಅಂದರೆ ಉದ್ದದ ಒಂದು ಕಿಟಕಿಯಲ್ಲಿ ಎಷ್ಟು ಮಟ್ಟ ಬೀಳುತ್ತವೆ ಎಂಬುದರ ಏರುಪೇರು, ಲೆಕ್ಕ ಹಾಕಲು ಅದು ಬೇಕೇ ಬೇಕು. ಕ್ರಮ: ಮಟ್ಟಗಳ ಮೆಟ್ಟಿಲು ಫಂಕ್ಷನ್‌ಗೆ ಒಂದು ನಯವಾದ ಬಹುಪದ ಹೊಂದಿಸಿ, ಪ್ರತಿ ಮಟ್ಟಕ್ಕೂ ಆ ಬಹುಪದದ ಬೆಲೆಯನ್ನೇ ಹೊಸ ಮಟ್ಟ ಎಂದಿಟ್ಟುಕೊಳ್ಳಿ. ಸರಾಸರಿ ಅಂತರ 1 ಆಗುತ್ತದೆ. ಪ್ವಾಸೋನ್‌ನಲ್ಲಿ ವೇರಿಯನ್ಸ್ ಕಿಟಕಿಯ ಉದ್ದದಷ್ಟೇ ಬೆಳೆಯುತ್ತದೆ, ಜಿಒಇಯಲ್ಲಿ ಲಾಗರಿದಮ್‌ನ ಹಾಗೆ ತೆವಳುತ್ತದೆ. ಬಹುಪದದ ಘಾತ ಕಡಿಮೆಯಾದರೆ ನಯವಾದ ಭಾಗದ ಉಳಿಕೆ ಏರುಪೇರಾಗಿ ಕಾಣಿಸಿಕೊಳ್ಳುತ್ತದೆ, ವೇರಿಯನ್ಸ್ ಸುಳ್ಳಾಗಿ ಏರುತ್ತದೆ. ಘಾತ ಜಾಸ್ತಿಯಾದರೆ ನಿಜವಾದ ಏರುಪೇರನ್ನೇ ಬಹುಪದ ನುಂಗುತ್ತದೆ, ಪ್ವಾಸೋನ್ ಕೂಡ ಗಟ್ಟಿಯಾಗಿ ಕಾಣುತ್ತದೆ. 6, 9, 12 ಮೂರು ಘಾತಗಳಲ್ಲಿ ಮಾಡಿ. ಮೂರೂ ಒಂದೇ ಹೇಳುವ ಉದ್ದದವರೆಗೆ ಮಾತ್ರ ನಂಬಿ.

---

ಸ್ಪಿನ್‌ಸರಪಳಿ:

ಸಮ ಗುಂಪಿನ ನಡುವಿನ ಅರ್ಧಕ್ಕೆ 0.53, ಬೆಸಕ್ಕೂ 0.53. ವರ್ಗಮೂಲದ ಗುಣಕ ಮೊದಲು ಬಿಟ್ಟುಹೋಗಿತ್ತು, ಟ್ರಾನ್ಸ್‌ಪೋಸ್ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು. ಇಬ್ಬರಿಗೂ ಧನ್ಯವಾದ.

ಮುಂದಿನದು: ಇದೇ ಸರಪಳಿಯಲ್ಲಿ ಓಟಾಕ್ (ಒಂದು ಸ್ಪಿನ್ ಅಲುಗಿಸಿದ್ದು ಕಾಲ ಕಳೆದಂತೆ ಇನ್ನೊಂದನ್ನು ಎಷ್ಟು ತಟ್ಟುತ್ತದೆ ಎಂಬ ಅಳತೆ) ಲೆಕ್ಕ ಹಾಕಿದರೆ ಘಾತೀಯ ಏರಿಕೆ ಸಿಗುತ್ತಿಲ್ಲ. ಲಾಗ್ ಅಳತೆಯಲ್ಲಿ ಎಳೆದರೆ ಎಲ್ಲೂ ಸರಳರೇಖೆ ಇಲ್ಲ, ಬಾಗಿಕೊಂಡೇ ಹೋಗಿ ಮೇಲೆ ಚಪ್ಪಟೆಯಾಗುತ್ತದೆ. ಲಿಯಾಪುನೋವ್ ಘಾತಾಂಕ (ಘಾತೀಯ ಏರಿಕೆಯ ವೇಗ) ಎಲ್ಲಿಂದ ತೆಗೆಯಲಿ? ಹಾಗೇ, ಸ್ಪೆಕ್ಟ್ರಲ್ ಫಾರ್ಮ್ ಫ್ಯಾಕ್ಟರ್ (ಮಟ್ಟಗಳ ಪಟ್ಟಿಯ ಫೂರಿಯೇ ರೂಪದ ವರ್ಗ, ಕಾಲದ ಮೇಲೆ ಎಳೆದದ್ದು) ಬರೀ ಗದ್ದಲವಾಗಿ ಕಾಣುತ್ತಿದೆ.

---

ಹಿಮ್ಮುಖಕಾಲ:

ತೆಗೆಯಬೇಡಿ. ಅಲ್ಲಿ ಇಲ್ಲದ್ದನ್ನು ಎಲ್ಲಿಂದ ತೆಗೆಯುತ್ತೀರಿ?

ಓಟಾಕ್‌ನಲ್ಲಿ ಘಾತೀಯ ಭಾಗ ಕಾಣಬೇಕಾದರೆ ಒಂದು ಸಣ್ಣ ನಿಯತಾಂಕ ಬೇಕು: ಪ್ಲಾಂಕ್ ಸ್ಥಿರಾಂಕದ ಪಾತ್ರ ವಹಿಸುವಂಥದ್ದು. ದೊಡ್ಡ ಸ್ಪಿನ್ ಆಗಿದ್ದರೆ ಅದರ ವಿಲೋಮ, ಎಸ್‌ವೈಕೆ ಮಾದರಿಯಲ್ಲಿ (ಎಲ್ಲ ಕಣಗಳಿಗೂ ಪರಸ್ಪರ ರ‍್ಯಾಂಡಮ್ ಜೋಡಣೆ ಇರುವಂಥದ್ದು) ಕಣಗಳ ಸಂಖ್ಯೆಯ ವಿಲೋಮ. ಕಮ್ಯುಟೇಟರ್ (ಎರಡು ಕ್ರಿಯೆಗಳ ಕ್ರಮ ಬದಲಿಸಿದರೆ ಬರುವ ವ್ಯತ್ಯಾಸ, ಓಟಾಕ್ ಅಳೆಯುವುದು ಇದನ್ನೇ) ಆ ಸಣ್ಣ ಬೆಲೆಯಿಂದ ಶುರುವಾಗಿ 1ರ ಮಟ್ಟಕ್ಕೆ ಬರುವ ತನಕ ಘಾತೀಯವಾಗಿ ಏರಲು ಜಾಗ ಸಿಗುತ್ತದೆ. ಅರ್ಧ ಸ್ಪಿನ್‌ಗಳು, ಅಕ್ಕಪಕ್ಕದ ಜೋಡಣೆ ಮಾತ್ರ ಇರುವ ನಿಮ್ಮ ಸರಪಳಿಯಲ್ಲಿ ಅಂಥ ಜಾಗವೇ ಇಲ್ಲ. ಶುರುವಿನ ಏರಿಕೆ ಕಾಲದ ಘಾತವಾಗಿ ಬರುತ್ತದೆ, ಎರಡು ಸ್ಪಿನ್‌ಗಳ ನಡುವಿನ ದೂರ ಹೆಚ್ಚಿದಷ್ಟೂ ಆ ಘಾತ ದೊಡ್ಡದು. ಅದು ನೆಸ್ಟೆಡ್ ಕಮ್ಯುಟೇಟರ್‌ಗಳ ಎಣಿಕೆ ಅಷ್ಟೆ, ಇಂಟಿಗ್ರೇಬಲ್ ಸರಪಳಿಯಲ್ಲೂ ಹಾಗೇ ಬರುತ್ತದೆ. ಅದಕ್ಕೆ ಬಲವಂತವಾಗಿ ಘಾತಾಂಕ ಹೊಂದಿಸಿ ಲಿಯಾಪುನೋವ್ ಎಂದು ಹೆಸರಿಟ್ಟರೆ ನೀವು ಅಳೆದದ್ದು ಕಿಟಕಿ ಎಲ್ಲಿ ಇಟ್ಟಿರಿ ಎಂಬುದನ್ನು ಮಾತ್ರ.

ಘಾತೀಯ ಏರಿಕೆಯನ್ನು ಕಣ್ಣಾರೆ ನೋಡಬೇಕಿದ್ದರೆ ಕಿಕ್ಡ್ ಟಾಪ್ ಮಾಡಿ. ಒಂದೇ ದೊಡ್ಡ ಸ್ಪಿನ್, ಪ್ರತಿ ಸುತ್ತಿನಲ್ಲೂ ವೈ ಅಕ್ಷದ ಸುತ್ತ ಒಂದು ತಿರುಗುವಿಕೆ, ಆಮೇಲೆ ಝಡ್ ಘಟಕದ ವರ್ಗದಿಂದ ಒಂದು ಒದೆ. ಸ್ಪಿನ್ 100 ಆದರೆ ಮಾತೃಕೆ ಬರೀ 201. ತಿರುಗುವ ಕೋನ 1.7 ಇಡಿ, ಪೈ ಭಾಗಿಸು 2 ಬೇಡ, ಅಂಥ ವಿಶೇಷ ಕೋನಗಳಲ್ಲಿ ಹೆಚ್ಚುವರಿ ಸಮಮಿತಿ ಬಂದು ಕೂರುತ್ತದೆ. ಒದೆಯ ಬಲ 6ರ ಸುಮಾರು ಇದ್ದರೆ ಕ್ಲಾಸಿಕಲ್ ಚಿತ್ರದಲ್ಲಿ ಕೇಯಾಸ್ ಬಹುಪಾಲು ತುಂಬಿರುತ್ತದೆ. ಅಂತರಗಳ ಲೆಕ್ಕಕ್ಕೆ ಇಲ್ಲೂ ಗುಂಪು ಬೇರ್ಪಡಿಸಬೇಕು. ವೈ ಸುತ್ತ ಅರ್ಧ ಸುತ್ತು ತಿರುಗಿಸಿದರೆ ಮಾದರಿ ಬದಲಾಗದು, 101 ಮತ್ತು 100 ಎಂದು ಒಡೆಯುತ್ತದೆ. ಶಕ್ತಿಯ ಬದಲು ಯೂನಿಟರಿಯ ಐಗನ್ ಕೋನಗಳನ್ನು ಬಳಸಿ, ಸಾಂದ್ರತೆ ಸಮವಾಗಿರುವುದರಿಂದ ಅನ್‌ಫೋಲ್ಡಿಂಗ್ ಕೂಡ ಬೇಡ.

ಆದರೂ ದೊಡ್ಡ ಸರಳರೇಖೆ ನಿರೀಕ್ಷಿಸಬೇಡಿ. ಎರೆನ್‌ಫೆಸ್ಟ್ ಕಾಲ (ಘಾತೀಯ ಏರಿಕೆ ನಡೆಯುವ ಅವಧಿ) ಸ್ಪಿನ್ ಗಾತ್ರದ ಲಾಗರಿದಮ್ಮನ್ನು ಲಿಯಾಪುನೋವ್ ಘಾತಾಂಕದಿಂದ ಭಾಗಿಸಿದಷ್ಟು. 100ರ ಲಾಗರಿದಮ್ 4.6, ಘಾತಾಂಕ 1 ಎಂದುಕೊಂಡರೆ ನಾಲ್ಕೈದು ಒದೆಗಳಲ್ಲಿ ಆಟ ಮುಗಿಯಿತು. ಸ್ಪಿನ್ 1000 ಮಾಡಿದರೂ ಏಳು.

ಇನ್ನೂ ದೊಡ್ಡ ಹಳ್ಳ ಬೇರೆ ಇದೆ. ಓಟಾಕ್ ಘಾತೀಯವಾಗಿ ಏರಿತು ಎಂದ ಮಾತ್ರಕ್ಕೆ ಕೇಯಾಸ್ ಎನ್ನುವಂತಿಲ್ಲ. ಲಿಪ್ಕಿನ್-ಮೆಶ್ಕೋವ್-ಗ್ಲಿಕ್ ಮಾದರಿ ಪೂರ್ತಿ ಇಂಟಿಗ್ರೇಬಲ್, ಆದರೆ ಅದರ ಕ್ಲಾಸಿಕಲ್ ಚಿತ್ರದಲ್ಲಿ ಒಂದು ಅಸ್ಥಿರ ಬಿಂದು ಇದೆ, ಗುಡ್ಡದ ತುದಿಯಲ್ಲಿಟ್ಟ ಗೋಲಿಯ ಹಾಗೆ. ಆ ಒಂದು ಬಿಂದುವೇ ಓಟಾಕ್ ಅನ್ನು ಘಾತೀಯವಾಗಿ ಎತ್ತುತ್ತದೆ. ಬೇರ್ಪಡಿಸಿ ಹೇಳಲು ಏರಿಕೆ ನೋಡಬೇಡಿ, ಏರಿದ ಮೇಲೆ ಏನಾಗುತ್ತದೆ ನೋಡಿ. ಕೇಯಾಸ್ ಇದ್ದರೆ ಓಟಾಕ್ ಚಪ್ಪಟೆಯಾಗಿ ಸಣ್ಣ ಅಲುಗಾಟದಲ್ಲಿ ಉಳಿಯುತ್ತದೆ. ಗುಡ್ಡದ ಗೋಲಿಯಾದರೆ ಮತ್ತೆ ಮತ್ತೆ ದೊಡ್ಡದಾಗಿ ಬಿದ್ದೇಳುತ್ತದೆ.

ಲೆಕ್ಕದ ಕಡೆಯಿಂದ: ಅನಂತ ತಾಪಮಾನದ ಟ್ರೇಸ್‌ಗೆ ಪೂರ್ತಿ ಡಯಾಗನಲೈಸ್ ಬೇಡ. ಒಂದು ರ‍್ಯಾಂಡಮ್ ಸ್ಥಿತಿ ಸಾಕು, ದೋಷ ಹಿಲ್ಬರ್ಟ್ ಗಾತ್ರದ (ಒಟ್ಟು ಸ್ಥಿತಿಗಳ ಸಂಖ್ಯೆಯ) ವರ್ಗಮೂಲದ ವಿಲೋಮದಷ್ಟು. 20 ಸ್ಪಿನ್‌ಗಳಿಗೆ ಅದು ಸಾವಿರದಲ್ಲಿ ಒಂದು. ಮುಂದೆ ಓಡಿಸಿ, ಆಪರೇಟರ್ ಹಚ್ಚಿ, ಹಿಂದೆ ಓಡಿಸಿ. ಟ್ರಾಟರ್ ಹೆಜ್ಜೆ (ಕಾಲವನ್ನು ಸಣ್ಣ ತುಂಡು ಮಾಡಿ ಓಡಿಸುವಾಗಿನ ಒಂದು ತುಂಡು) ಅರ್ಧ ಮಾಡಿ ಉತ್ತರ ಬದಲಾಗುತ್ತದೆಯೇ ನೋಡುವುದನ್ನು ಮರೆಯಬೇಡಿ. ಶುರುವಿನ ಸಣ್ಣ ಬೆಲೆಗಳಲ್ಲಿ ಟ್ರಾಟರ್ ದೋಷವೇ ಓಟಾಕ್‌ನ ವೇಷ ಹಾಕಿಕೊಂಡಿರುತ್ತದೆ.

---

ಮಾತೃಕೆಮನೆ:

ಫಾರ್ಮ್ ಫ್ಯಾಕ್ಟರ್ ಗದ್ದಲ ನಿಮ್ಮ ತಪ್ಪಲ್ಲ, ಅದರ ಗುಣವೇ ಅದು. ಒಂದೇ ಹ್ಯಾಮಿಲ್ಟೋನಿಯನ್‌ಗೆ ಏರುಪೇರು ಸರಾಸರಿಯಷ್ಟೇ ದೊಡ್ಡದು, ಸರಪಳಿ ಉದ್ದ ಮಾಡಿದರೂ ಕಡಿಮೆಯಾಗದು. ಪ್ರತಿ ಸ್ಪಿನ್‌ನ ಝಡ್ ಕ್ಷೇತ್ರಕ್ಕೆ ಪುಟ್ಟ ರ‍್ಯಾಂಡಮ್ ಬದಲಾವಣೆ ಸೇರಿಸಿ ಕೆಲವು ನೂರು ಮಾದರಿಗಳ ಮೇಲೆ ಸರಾಸರಿ ತೆಗೆಯಿರಿ. ಹೀಗೆ ಮಾಡಿದಾಗ ಕನ್ನಡಿ ಸಮಮಿತಿ ಮುರಿಯುತ್ತದೆ, ಆಗ ಪೂರ್ತಿ 4096 ಒಂದೇ ಗುಂಪು. ಆದರೆ ಬದಲಾವಣೆ ತೀರ ಸಣ್ಣದಾದರೆ ಸಮಮಿತಿ ಅರ್ಧ ಮುರಿದು ಮತ್ತೆ 0.42 ಮತ್ತು 0.53ರ ನಡುವೆ ಸಿಕ್ಕಿಕೊಳ್ಳುತ್ತೀರಿ. ಮೊದಲು ಆರ್ ಸರಾಸರಿ ನೋಡಿ, 0.53 ಬಂದ ಮೇಲೆ ಮುಂದುವರಿಯಿರಿ. ಅಥವಾ ಎಡಬಲ ಒಂದೇ ಬದಲಾವಣೆ ಹಾಕಿ ಸಮ ಗುಂಪಿನಲ್ಲೇ ಇರಿ.

ಎಷ್ಟು ಕಾಲದವರೆಗೆ? ನಿಮ್ಮ ನಿಯತಾಂಕಗಳಿಗೆ ಕೈಲೆಕ್ಕ: ಶಕ್ತಿಯ ವೇರಿಯನ್ಸ್ 11 + 12×1.1025 + 12×0.25, ಅಂದರೆ ಸುಮಾರು 27. ಪ್ರಮಾಣ ವಿಚಲನೆ 5.2. ಸಮ ಗುಂಪಿನ 2080 ಮಟ್ಟಗಳನ್ನು ಗೌಸಿಯನ್ ಎಂದುಕೊಂಡರೆ ನಡುವಿನ ಸಾಂದ್ರತೆ 159ರ ಹತ್ತಿರ. ಹೈಸನ್‌ಬರ್ಗ್ ಕಾಲ 2 ಪೈ ಗುಣಿಸು ಸಾಂದ್ರತೆ, ಸುಮಾರು 1000. ಅಲ್ಲಿಗೆ ಏರುವ ಭಾಗ ಮುಗಿದು ಸಮತಟ್ಟು ಬರಬೇಕು, ಸಮತಟ್ಟಿನ ಎತ್ತರ ಮಟ್ಟಗಳ ಸಂಖ್ಯೆಯಷ್ಟು. ಕಾಲವನ್ನು 0.1ರಿಂದ 10,000ದವರೆಗೆ ಲಾಗ್ ಅಂತರದಲ್ಲಿಡಿ. ಪಟ್ಟಿಯ ತುದಿಗಳು ಚೂಪಾಗಿರುವುದರಿಂದ ಶುರುವಿನ ಕುಸಿತದ ಬಾಲ ಉದ್ದವಾಗಿ ಏರುವ ಭಾಗವನ್ನು ಮುಚ್ಚಿಬಿಡುತ್ತದೆ. ಪ್ರತಿ ಮಟ್ಟಕ್ಕೂ ನಡುವಿನ ಸುತ್ತ ಒಂದು ಗೌಸಿಯನ್ ತೂಕ ಹಾಕಿದರೆ ಆ ಬಾಲ ಕತ್ತರಿಸುತ್ತದೆ. ಆಗ ಸಮತಟ್ಟಿನ ಎತ್ತರ ತೂಕಗಳ ವರ್ಗದ ಮೊತ್ತ, 2080 ಅಲ್ಲ.

16 ಸ್ಪಿನ್‌ಗೆ ಹೋಗುವ ಆಸೆ ಇದ್ದರೆ: ಸಮ ಗುಂಪು 32,896, ಮಾತೃಕೆಯೊಂದಕ್ಕೇ 8.7 ಗಿಗಾಬೈಟ್, ಕೆಲಸದ ಜಾಗ ಬೇರೆ. ಐಗನ್ ಮೌಲ್ಯ ಮಾತ್ರ ಕೇಳಿ, ವೆಕ್ಟರ್ ಕೇಳಬೇಡಿ. ಒಂದು ಮಾದರಿಗೆ ಸರಿ, ನೂರು ಮಾದರಿಗೆ ಬೇಡ. 14ರಲ್ಲಿ (8256, 545 ಮೆಗಾಬೈಟ್) ನಿಂತು ಮಾದರಿಗಳ ಸಂಖ್ಯೆ ಹೆಚ್ಚಿಸುವುದು ಲಾಭ.

---

ಕುಹರದಲೆ:

ಇದೆಲ್ಲ ಕಂಪ್ಯೂಟರ್ ಒಳಗಿನ ಮಾತಾಯಿತು. ಅಳೆದ ಮಟ್ಟಗಳ ಪಟ್ಟಿ ಕೈಗೆ ಬಂದಾಗ ತೊಂದರೆಗಳು ಬೇರೆ. ಮೈಕ್ರೋವೇವ್ ಕುಹರದ ಉದಾಹರಣೆ ತಗೊಳ್ಳಿ. ಚಪ್ಪಟೆ ಲೋಹದ ಪೆಟ್ಟಿಗೆ, ಒಳಗಿನ ಅಲೆ ಎರಡು ಆಯಾಮದ ಶ್ರೋಡಿಂಗರ್ ಸಮೀಕರಣವನ್ನೇ ಪಾಲಿಸುತ್ತದೆ. ಅದಕ್ಕೆ ಎತ್ತರ ಅತಿ ಹೆಚ್ಚಿನ ಆವರ್ತನದ ಅರ್ಧ ತರಂಗಾಂತರಕ್ಕಿಂತ ಕಡಿಮೆ ಇರಬೇಕು: 20 ಗಿಗಾಹರ್ಟ್ಸ್‌ವರೆಗೆ ಅಳೆಯುವುದಾದರೆ 7.5 ಮಿಲಿಮೀಟರ್ ಮೀರಬಾರದು. ಸ್ಟೇಡಿಯಂ ಆಕಾರವನ್ನು (ಆಯತದ ಎರಡು ತುದಿಗೆ ಅರ್ಧ ವೃತ್ತ) ಇಡಿಯಾಗಿ ಮಾಡಬೇಡಿ, ಕಾಲು ಭಾಗ ಮಾಡಿ. ಇಡಿಯದರಲ್ಲಿ ಎರಡು ಕನ್ನಡಿ ಸಮಮಿತಿ ಇದೆ, ನಾಲ್ಕು ಪಟ್ಟಿ ಬೆರೆಯುತ್ತವೆ, ಅಳೆದ ಪಟ್ಟಿಯನ್ನು ಆಮೇಲೆ ಬೇರ್ಪಡಿಸುವುದು ಕಷ್ಟ.

ಇಲ್ಲಿ ಶತ್ರು ಕಳೆದುಹೋದ ಮಟ್ಟ. ಆಂಟೆನಾ ನಿಂತ ಜಾಗದಲ್ಲಿ ಅಲೆಯ ಗಂಟು ಬಿದ್ದರೆ ಆ ಅನುರಣನ ಕಾಣುವುದೇ ಇಲ್ಲ. ಮೂರು ನಾಲ್ಕು ಜಾಗಗಳಲ್ಲಿ ಆಂಟೆನಾ ಇಟ್ಟು ಪಟ್ಟಿಗಳನ್ನು ಒಟ್ಟುಗೂಡಿಸಬೇಕು. ಎಣಿಕೆ ಸರಿಯಿದೆಯೇ ಎಂಬುದಕ್ಕೆ ವೈಲ್ ಸೂತ್ರ ಇದೆ: ಪೈ ಗುಣಿಸು ವಿಸ್ತೀರ್ಣ ಗುಣಿಸು ಆವರ್ತನದ ವರ್ಗ, ಭಾಗಿಸು ಬೆಳಕಿನ ವೇಗದ ವರ್ಗ, ಅದರಿಂದ ಸುತ್ತಳತೆ ಗುಣಿಸು ಆವರ್ತನ, ಭಾಗಿಸು ಬೆಳಕಿನ ವೇಗದ ಎರಡರಷ್ಟು, ಇದನ್ನು ಕಳೆಯಿರಿ. 0.1 ಚದರ ಮೀಟರ್ ಪೆಟ್ಟಿಗೆಗೆ 20 ಗಿಗಾಹರ್ಟ್ಸ್‌ನಲ್ಲಿ ಮೊದಲ ಪದ ಸುಮಾರು 1396. ಅಳೆದ ಎಣಿಕೆಯಿಂದ ಸೂತ್ರದ ಬೆಲೆ ಕಳೆದು ಎಳೆಯಿರಿ. ಸೊನ್ನೆಯ ಸುತ್ತ ಆಡುತ್ತಿದ್ದ ಗೆರೆ ಒಂದು ಆವರ್ತನದಿಂದ ಮುಂದೆ ಒಂದು ಕೆಳಗಿಳಿದು ಅಲ್ಲೇ ನಿಂತರೆ ಅಲ್ಲೊಂದು ಮಟ್ಟ ಹೋಗಿದೆ. ಸ್ಟೇಡಿಯಂನಲ್ಲಿ ಎದುರುಬದುರು ಸಮಾಂತರ ಗೋಡೆಗಳ ನಡುವೆ ಪುಟಿಯುವ ಪಥಗಳಿಂದ ನಿಧಾನದ ಒಂದು ಅಲೆಯೂ ಕಾಣುತ್ತದೆ. ಅದನ್ನು ಕಳೆದುಹೋದ ಮಟ್ಟ ಎಂದು ಭಾವಿಸಬೇಡಿ, ಸಂಖ್ಯಾ ವೇರಿಯನ್ಸ್ ಲೆಕ್ಕಕ್ಕೆ ಮೊದಲು ಅದನ್ನು ಕಳೆಯಬೇಕು.

ಮಟ್ಟ ಹೋದರೆ ಯಾವ ಕಡೆ ದಾರಿ ತಪ್ಪುತ್ತದೆ ಎಂಬುದು ಹೇಗೆ ಹೋಯಿತು ಎಂಬುದರ ಮೇಲಿದೆ. ಅಲ್ಲೊಂದು ಇಲ್ಲೊಂದು ಅಡ್ಡಾದಿಡ್ಡಿ ಹೋದರೆ ಜಿಒಇ ಪಟ್ಟಿ ಪ್ವಾಸೋನ್ ಕಡೆ ಸರಿಯುತ್ತದೆ. ತೀರ ಹತ್ತಿರದ ಎರಡು ಅನುರಣನಗಳು ಒಂದರೊಳಗೊಂದು ಕರಗಿ ಒಂದೇ ಎಂದು ಎಣಿಸಿದರೆ ಉಲ್ಟಾ, ಸಣ್ಣ ಅಂತರಗಳೇ ಮಾಯವಾಗಿ, ಕೇಯಾಸ್ ಇಲ್ಲದ ಆಯತಾಕಾರದ ಪೆಟ್ಟಿಗೆಯಲ್ಲೂ ವಿಕರ್ಷಣೆ ಇದ್ದಂತೆ ಕಾಣುತ್ತದೆ. ಕೋಣೆ ತಾಪಮಾನದ ತಾಮ್ರದಲ್ಲಿ ಮೇಲಿನ ಆವರ್ತನಗಳಲ್ಲಿ ಇದು ತಪ್ಪಿದ್ದಲ್ಲ. ನಿಯೋಬಿಯಂ ಪೆಟ್ಟಿಗೆಯನ್ನು 9.2 ಕೆಲ್ವಿನ್‌ಗಿಂತ ಕೆಳಗೆ ತಣಿಸಿ (ಆಗ ಅದು ಸೂಪರ್‌ಕಂಡಕ್ಟರ್) ಅಳೆಯುವುದು ಇದಕ್ಕೇ. ಹಿಸ್ಟೋಗ್ರಾಮ್‌ನ ಮೊದಲ ಕಂಬ ಖಾಲಿ ಇದ್ದರೆ ಸಂಭ್ರಮಿಸುವ ಮುಂಚೆ ಅನುರಣನದ ಸರಾಸರಿ ಅಗಲವನ್ನು ಮಟ್ಟಗಳ ಸರಾಸರಿ ಅಂತರದಿಂದ ಭಾಗಿಸಿ. ಕಂಬದ ಅಗಲ ಆ ಅನುಪಾತಕ್ಕಿಂತ ಚಿಕ್ಕದಿದ್ದರೆ ಆ ಖಾಲಿಗೆ ಅರ್ಥವಿಲ್ಲ.

---

ಗುಣಕ_ಗಣಕ:

ಸ್ಪಿನ್‌ಸರಪಳಿ ಅವರಿಗೆ ಇನ್ನೊಂದು ಅಗ್ಗದ ಪರೀಕ್ಷೆ: ನಡುವಿನ ಐಗನ್ ಸ್ಥಿತಿಗಳ ಅರ್ಧ ಸರಪಳಿಯ ಎಂಟ್ಯಾಂಗಲ್‌ಮೆಂಟ್ ಎಂಟ್ರೊಪಿ (ಎರಡು ಅರ್ಧಗಳು ಎಷ್ಟು ಹೆಣೆದುಕೊಂಡಿವೆ ಎಂಬ ಅಳತೆ). ರ‍್ಯಾಂಡಮ್ ಸ್ಥಿತಿಗೆ ಪೇಜ್ ಬೆಲೆ 6 ಗುಣಿಸು 2ರ ಲಾಗರಿದಮ್ ಕಳೆ ಅರ್ಧ, ಅಂದರೆ 3.66. ನಿಮ್ಮ ಸ್ಥಿತಿಗಳು ಅದಕ್ಕಿಂತ ಸ್ವಲ್ಪ ಕೆಳಗೆ ಒತ್ತಾಗಿ ಕೂರಬೇಕು. ಸರಾಸರಿಗಿಂತ ಒಂದು ಸ್ಥಿತಿಯಿಂದ ಪಕ್ಕದ ಸ್ಥಿತಿಗೆ ಆಗುವ ಹರಡು ಮುಖ್ಯ. 8, 10, 12 ಸ್ಪಿನ್‌ಗಳಲ್ಲಿ ಹರಡು ಬೇಗ ಬೇಗ ಕಿರಿದಾಗುತ್ತಾ ಹೋದರೆ ಸರಿ. ವೆಕ್ಟರನ್ನು ಸಮ ಗುಂಪಿನ ಬೇಸಿಸ್‌ನಿಂದ 4096ಕ್ಕೆ ಬಿಚ್ಚಿದ ಮೇಲೆ 64×64 ಮಾಡಿ ಎಸ್‌ವಿಡಿ (ಸಿಂಗ್ಯುಲರ್ ಬೆಲೆಗಳ ವಿಭಜನೆ) ಮಾಡಿ. 2080 ಉದ್ದದ್ದನ್ನೇ ಮಡಚಲು ಹೋದರೆ ಬರುವ ಸಂಖ್ಯೆಗೆ ತಲೆಬುಡ ಇರುವುದಿಲ್ಲ.

---

ಸ್ಪಿನ್‌ಸರಪಳಿ:

ಎಡಬಲ ಒಂದೇ ಬದಲಾವಣೆ ಹಾಕಿ 200 ಮಾದರಿ ಓಡಿಸಿದೆ. ಏರುವ ಭಾಗ ಈಗ ಕಾಣುತ್ತಿದೆ, 1000ದ ಆಸುಪಾಸಿನಲ್ಲಿ ಸಮತಟ್ಟಾಗುತ್ತದೆ. ಗೌಸಿಯನ್ ತೂಕ ಹಾಕುವ ಮೊದಲು ನಿಜಕ್ಕೂ ಬಾಲ ಅದನ್ನು ಮುಚ್ಚಿತ್ತು. ಎಂಟ್ರೊಪಿ ಹಚ್ಚಿಟ್ಟಿದ್ದೇನೆ. ಓಟಾಕ್ ಅನ್ನು ಸರಪಳಿಯಲ್ಲಿ ಬಿಟ್ಟು ಕಿಕ್ಡ್ ಟಾಪ್‌ನಲ್ಲಿ ಮಾಡುತ್ತೇನೆ.

---

ಹಿಮ್ಮುಖಕಾಲ:

ಮಾಡುವಾಗ ಒದೆಯ ಪದದಲ್ಲಿ ಝಡ್ ವರ್ಗವನ್ನು ಸ್ಪಿನ್ ಗಾತ್ರದ ಎರಡರಷ್ಟರಿಂದ ಭಾಗಿಸುವುದು ಮರೆಯಬೇಡಿ. ಬಿಟ್ಟರೆ ಸ್ಪಿನ್ ದೊಡ್ಡದಾದಷ್ಟೂ ಒದೆಯೂ ದೊಡ್ಡದಾಗುತ್ತದೆ, 50, 100, 200 ಮೂರರ ಗೆರೆಗಳು ಒಂದರ ಮೇಲೊಂದು ಕೂರುವುದೇ ಇಲ್ಲ.